ಗಡ್ಡೆ ಕಟ್ಟುವ ರಾತ್ರಿ

ರಾತ್ರಿ ಒಂಬತ್ತು ದಾಟಿತ್ತು. ಮುಂದೆ ದೊಡ್ಡಪ್ಪ, ಹಿಂದೆ ಬ್ಯಾಟರಿ ಹಿಡಿದು ನಾನು. ಹಾಸನದಿಂದ ಅರ್ಧ ಗಂಟೆ ದಾರಿಯ ಊರು. ಜೂನ್ ತಿಂಗಳ ಕೊನೆಯ ವಾರ. ಮೋಡ ನಾಲ್ಕು ದಿನದಿಂದ ತಲೆಯ ಮೇಲೆ ಕೂತಿತ್ತೇ ಹೊರತು ಇಳಿದಿರಲಿಲ್ಲ. ಬದುವಿನ ಹೊಂಗೆ ಮರದಲ್ಲಿ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಕಪ್ಪೆಗಳು ಕೂಡ ಮಳೆಗೆ ಕಾದು ಸಾಕಾಗಿ ಸುಮ್ಮನಾದಂತಿದ್ದವು. ಆಲೂಗಡ್ಡೆ ಹೊಲದ ನಡುವೆ ಸಂಜೆಯೇ ಒಂದು ಗೂಟ ನೆಟ್ಟು, ಗಿಡದ ಎತ್ತರಕ್ಕೆ ಥರ್ಮಾಮೀಟರ್ ಕಟ್ಟಿ ಬಂದಿದ್ದೆ. ಕಟ್ಟುವಾಗ ದೊಡ್ಡಪ್ಪ ಕೇಳಿದ್ದರು: "ಹೊಲಕ್ಕೂ ಜ್ವರ ನೋಡ್ತಾರೇನಪ್ಪಾ?"

ಬ್ಯಾಟರಿ ಬೆಳಕಿನಲ್ಲಿ ಕೆಂಪು ಗೆರೆ 24ರಲ್ಲಿ ನಿಂತಿತ್ತು.

"ಇಪ್ಪತ್ನಾಲ್ಕು" ಎಂದೆ. ಅವರು ಮಾತಾಡಲಿಲ್ಲ. ಸಾಲಿನ ನಡುವೆ ಕುಕ್ಕರುಗಾಲಲ್ಲಿ ಕೂತು ಒಂದು ಗಿಡದ ಬುಡದ ಮಣ್ಣನ್ನು ಬೆರಳಲ್ಲೇ ಬಿಡಿಸತೊಡಗಿದರು. ಮಣ್ಣು ಇನ್ನೂ ಹಗಲಿನ ಬಿಸಿಯನ್ನು ಹಿಡಿದುಕೊಂಡಿತ್ತು. ಮೊಣಕಾಲುದ್ದ ಬೆಳೆದ ಗಿಡ; ಕಡುಹಸಿರು, ಒತ್ತೊತ್ತಾದ ಎಲೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡುವಂಥ ಬೆಳೆ. ಬುಡದಲ್ಲಿ ಬಿಳಿಯ ಎಳೆಗಳು ಅಡ್ಡಡ್ಡ ಚಾಚಿಕೊಂಡಿದ್ದವು, ಶ್ಯಾವಿಗೆಯಷ್ಟು ಸಣ್ಣಗೆ, ನೆಟ್ಟಗೆ. ಒಂದರ ತುದಿಯಲ್ಲೂ ಗಂಟಿರಲಿಲ್ಲ. ಒಂದು ಎಳೆಯಂತೂ ದಾರಿ ತಪ್ಪಿದಂತೆ ಮಣ್ಣು ಸೀಳಿ ಮೇಲೆ ಬಂದು, ಪುಟ್ಟ ಎರಡು ಎಲೆ ಬಿಟ್ಟು, ತಾನೇ ಇನ್ನೊಂದು ಗಿಡವಾಗಲು ಹೊರಟಿತ್ತು.

"ಸೊಪ್ಪು ನೋಡಿದ್ರೆ ಕರು ಬಚ್ಚಿಟ್ರೂ ಕಾಣಾಕಿಲ್ಲ" ಎಂದರು ದೊಡ್ಡಪ್ಪ. "ಬುಡ ನೋಡು."

ಬೇರೆ ಬೆಳೆಗಳಿಗೆ ಸೆಖೆ ತಾಗಿದರೆ ಕಣ್ಣಿಗೆ ಕಾಣುತ್ತದೆ. ರಾಗಿ ಪೈರು ಸುರುಳಿಕೊಳ್ಳುತ್ತದೆ, ಟೊಮೆಟೊ ಹೂವು ಉದುರಿಸುತ್ತದೆ, ಮಾವಿನ ಹೀಚು ನೆಲ ಸೇರುತ್ತದೆ. ಆಲೂಗಡ್ಡೆ ಹಾಗಲ್ಲ. ನಡುಮಟ್ಟದ ಸೆಖೆಗೆ ಅದು ಸೊರಗುವುದಿಲ್ಲ, ಉಕ್ಕಿ ಬೆಳೆಯುತ್ತದೆ. ನೆಲದ ಮೇಲಿನದೆಲ್ಲ ಹಬ್ಬ, ನೆಲದ ಕೆಳಗೆ ಏನೂ ಇಲ್ಲ. ಗಡ್ಡೆ ಕಟ್ಟುವುದಕ್ಕೆ ರಾತ್ರಿಗಳು 15ರಿಂದ 20 ಡಿಗ್ರಿಯ ನಡುವೆ ಇರಬೇಕು. ಇಪ್ಪತ್ತು ದಾಟುತ್ತ ಹೋದಂತೆ ಕೆಲಸ ನಿಧಾನವಾಗುತ್ತದೆ; ಮೂವತ್ತರ ಹತ್ತಿರ ನಿಂತೇ ಹೋಗುತ್ತದೆ. ಹಗಲು ಸ್ವಲ್ಪ ಹೆಚ್ಚು ಕಾದರೂ ಗಿಡ ಸಹಿಸಿಕೊಳ್ಳುತ್ತದೆ. ಅದಕ್ಕೆ ಸಹಿಸಲಾಗದ್ದು ತಣಿಯದ ರಾತ್ರಿ. ನಮ್ಮ ಹಾಸನ ಸೀಮೆಯಲ್ಲಿ ಮುಂಗಾರಿನಲ್ಲೇ ಆಲೂಗಡ್ಡೆ ಹಾಕುವ ರೂಢಿ. ಮಳೆ ಹಿಡಿದರೆ ಇಲ್ಲಿನ ರಾತ್ರಿ ಇಪ್ಪತ್ತರ ಕೆಳಗೆ ಇಳಿಯುತ್ತದೆ, ಮಳೆ ಕೈಕೊಟ್ಟರೆ ಮೇಲೆಯೇ ಉಳಿಯುತ್ತದೆ. ಬೆಳೆ ನಿಂತಿರುವುದು ಆ ಗೆರೆಯ ಮೇಲೆ.

ಇದು ಗಿಡದ ಹಟವಲ್ಲ, ಹುಟ್ಟೂರಿನ ಅಭ್ಯಾಸ. ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲು. ಪೆರು ಮತ್ತು ಬೊಲಿವಿಯಾ ನಡುವಿನ ಟಿಟಿಕಾಕಾ ಸರೋವರ ಸಮುದ್ರಮಟ್ಟದಿಂದ 3,800 ಮೀಟರ್ ಎತ್ತರದಲ್ಲಿದೆ. ಆ ಸುತ್ತಿನ ಜನ ಇದನ್ನು ಸಾವಿರಾರು ವರ್ಷಗಳ ಹಿಂದೆ ಕಾಡಿನಿಂದ ಹೊಲಕ್ಕೆ ತಂದರು. ಅಲ್ಲಿ ಹಗಲು ಬಿಸಿಲು ಚುರುಗುಟ್ಟುತ್ತದೆ, ಹೊತ್ತು ಮುಳುಗಿದ ಕೂಡಲೇ ಚಳಿ ಬಂದು ಮೈಮೇಲೆ ಬೀಳುತ್ತದೆ. ಆ ರಾತ್ರಿಯ ಹಿಮದಲ್ಲೇ ಗಡ್ಡೆಗಳನ್ನು ಹರವಿ, ಹಗಲು ತುಳಿದು ನೀರು ಬಸಿದು, ಒಣಗಿಸಿ ವರ್ಷಗಟ್ಟಲೆ ಇಡುವ 'ಚುನ್ಯೊ' ಎಂಬ ಸಂಡಿಗೆಯಂಥ ಪದಾರ್ಥ ಆ ಜನರ ಮನೆಗಳಲ್ಲಿ ಇಂದಿಗೂ ಇದೆ. ಅಂಥ ನೆಲದಲ್ಲಿ ರಾತ್ರಿ ತಣ್ಣಗಾಯಿತೆಂದರೆ, ಹೊತ್ತು ಕಿರಿದಾಯಿತೆಂದರೆ, ಮುಂದೆ ಕಷ್ಟಕಾಲವಿದೆ ಎಂದು ಗಿಡಕ್ಕೆ ಅರ್ಥ. ಸಕ್ಕರೆಯನ್ನು ಪಿಷ್ಟ ಮಾಡಿ ನೆಲದಡಿಯ ಕಣಜಕ್ಕೆ ಇಳಿಸಬೇಕು. ಚಳಿಯ ಸುಳಿವೇ ಇಲ್ಲದಿದ್ದರೆ ಕೂಡಿಡುವ ಅವಸರವೇಕೆ? ಇನ್ನಷ್ಟು ಎಲೆ ಬಿಡೋಣ ಎನ್ನುತ್ತದೆ. ಆಂಡಿಸ್‌ನಲ್ಲೂ ಈಗ ಕಾವು ಏರಿದೆ. ಪೆರುವಿನ ಪಿಸಾಕ್ ಪಟ್ಟಣದ ಹತ್ತಿರ 'ಆಲೂಗಡ್ಡೆ ಉದ್ಯಾನ'ವೆಂದು ಹೆಸರಾದ ಹಳ್ಳಿಗಳ ರೈತರು, ಹಿರಿಯರು ಬಿತ್ತುತ್ತಿದ್ದ ಎತ್ತರ ಬಿಟ್ಟು ಬೆಟ್ಟ ಹತ್ತುತ್ತ ಮೇಲಿನ ನೆಲಕ್ಕೆ ಹೋಗಿದ್ದಾರೆ. ಬೆಟ್ಟದ ತುದಿಯ ಆಚೆಗೆ ಹತ್ತುವುದಕ್ಕೆ ನೆಲವಿಲ್ಲ.

ದೊಡ್ಡಪ್ಪ ತೋರಿಸಿದ ಆ ಬಿಳಿ ಎಳೆಗಳನ್ನು ಬೇರೆಂದುಕೊಂಡರೆ ತಪ್ಪು. ಅವು ಕಾಂಡದ ಕವಲುಗಳು, ಸ್ಟೋಲನ್ ಎನ್ನುತ್ತಾರೆ. ಗಡ್ಡೆಯೂ ಬೇರಿನ ಜಾತಿಯದಲ್ಲ, ಕಾಂಡವೇ ಉಬ್ಬಿ ಆದದ್ದು. ಬಿತ್ತನೆ ಗಡ್ಡೆ ಕೊಯ್ಯುವಾಗ ನಮ್ಮ ಮನೆಯ ಹೆಂಗಸರು "ತುಂಡಿಗೆ ಎರಡು ಕಣ್ಣಾದ್ರೂ ಇರ್‍ಲಿ" ಎನ್ನುತ್ತಾರಲ್ಲ, ಆ ಕಣ್ಣುಗಳೆಲ್ಲ ಕಾಂಡದ ಮೇಲಿನ ಮೊಗ್ಗುಗಳೇ. ಸ್ಟೋಲನ್ನಿನ ತುದಿ ಮೊದಲು ಕೊಕ್ಕೆಯಂತೆ ಬಾಗುತ್ತದೆ. ಮುಂದಕ್ಕೆ ಓಡುವುದನ್ನು ಬಿಟ್ಟು ಅಡ್ಡಕ್ಕೆ ದಪ್ಪವಾಗುತ್ತದೆ. ಹಾಗೆ ಮಾಡೆಂದು ಕತ್ತಲಲ್ಲಿರುವ ಆ ತುದಿಗೆ ಹೇಳುವವರು ಯಾರು?

ಎಲೆ. ಅದನ್ನು ಕಂಡುಹಿಡಿದ ಬಗೆಯೇ ಒಂದು ಕತೆ. ಹೂವಿಗೆ ಕಾಲ ಬಂತೆಂಬ ಸುದ್ದಿ ಎಲೆಯಲ್ಲಿ ಹುಟ್ಟಿ ಕುಡಿಗೆ ಹರಿಯುತ್ತದೆಂದು 1930ರ ದಶಕದಲ್ಲೇ ವಾದಿಸಿ, ಆ ಕಾಣದ ವಸ್ತುವಿಗೆ ಫ್ಲೋರಿಜನ್ ಎಂದು ಹೆಸರಿಟ್ಟವರು ಸೋವಿಯತ್ ವಿಜ್ಞಾನಿ ಮಿಖಾಯಿಲ್ ಚೈಲಖ್ಯಾನ್. ಅವರೂ ಸಂಗಡಿಗರೂ 1981ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದರು: ಹೂವಿಗೆ ಬಂದ ಹೊಗೆಸೊಪ್ಪಿನ ಕುಡಿಯನ್ನು ಆಲೂಗಡ್ಡೆಯ ಬುಡಕ್ಕೆ ಕಸಿ ಕಟ್ಟಿದಾಗ ಕೆಳಗೆ ಗಡ್ಡೆ ಬಂತು. ಹೊಗೆಸೊಪ್ಪಿಗೆ ಗಡ್ಡೆಯೆಂದರೇನೆಂದೇ ಗೊತ್ತಿಲ್ಲ. ಅದು ಕಳಿಸಿದ್ದು ಹೂವಿನ ಸುದ್ದಿ, ಆಲೂಗಡ್ಡೆ ಓದಿಕೊಂಡದ್ದು ಗಡ್ಡೆಯ ಸುದ್ದಿ. ಮೂವತ್ತು ವರ್ಷದ ನಂತರ, 2011ರಲ್ಲಿ, ಆ ಸುದ್ದಿ ಹೊತ್ತ ಕಾಗದದ ಹೆಸರು ಸಿಕ್ಕಿತು. ಸ್ಪೇನಿನ ಸಂಶೋಧಕರ ನೇತೃತ್ವದಲ್ಲಿ ಪತ್ತೆಯಾದ ಆ ಜೀನಿಗೆ ಎಸ್‌ಪಿ6ಎ ಎನ್ನುತ್ತಾರೆ. ಭತ್ತದಲ್ಲಿ ತೆನೆ ಹೊರಡಿಸುವ ಜೀನಿನ ಸೋದರಸಂಬಂಧಿ ಅದು. ಎಲೆಯಲ್ಲಿ ಅದರ ಪ್ರೊಟೀನು ತಯಾರಾಗುತ್ತದೆ, ಸಕ್ಕರೆ ಹರಿಯುವ ನಾಳದಲ್ಲೇ ಕೆಳಗಿಳಿಯುತ್ತದೆ, ಸ್ಟೋಲನ್ನಿನ ತುದಿ ತಲುಪಿ 'ಇನ್ನು ಸಾಕು, ಕೂಡಿಡು' ಎನ್ನುತ್ತದೆ.

ಈ ಕಾಗದವನ್ನು ಎಲೆ ಯಾವಾಗ ಬರೆಯಬೇಕೆಂದು ನಿರ್ಧರಿಸುವ ಮೇಲಧಿಕಾರಿಗಳೂ ಇದ್ದಾರೆ. ಅವರಲ್ಲೊಬ್ಬ ಐದನೆಯ ವರ್ಣತಂತುವಿನ ಮೇಲಿನ ಸಿಡಿಎಫ್1. ಇದನ್ನು 2013ರಲ್ಲಿ ಗುರುತಿಸಿದರು. ಆಂಡಿಸ್‌ನ ಹಳೆಯ ತಳಿಗಳಲ್ಲಿ ಹಗಲು ಉದ್ದವಾದರೆ ಈ ಜೀನಿನ ಪ್ರೊಟೀನು ಉಳಿಯುವುದಿಲ್ಲ, ಹಾಗಾಗಿ ಗಡ್ಡೆಯೂ ಇಲ್ಲ. ಅದರ ತುದಿ ತುಂಡಾದ ರೂಪವೊಂದು ಇದ್ದ ಗಿಡಗಳು ಉದ್ದ ಹಗಲಿಗೂ ಜಗ್ಗಲಿಲ್ಲ. ಯುರೋಪಿನ ಬೇಸಿಗೆಯಲ್ಲಿ ಆಲೂಗಡ್ಡೆ ಬೇರೂರಿದ್ದರಲ್ಲಿ ಆ ತುಂಡು ರೂಪದ ಪಾಲು ದೊಡ್ಡದು. ಜೀನೆಂದರೇನೆಂದು ಗೊತ್ತಿಲ್ಲದ ರೈತರೇ ಗಡ್ಡೆ ಕೊಟ್ಟ ಗಿಡವನ್ನು ಉಳಿಸುತ್ತ, ಕೊಡದ್ದನ್ನು ಬಿಡುತ್ತ ಆ ರೂಪವನ್ನು ಆರಿಸಿದ್ದು. ಉದ್ದ ಹಗಲಿನ ಬೇಲಿ ಹಾಗೆ ದಾಟಿತು. ಈಗ ದಾಟಬೇಕಾಗಿರುವುದು ಬಿಸಿ ರಾತ್ರಿಯ ಬೇಲಿಯನ್ನು. ಆದರೆ ಈ ಸಲ ಕಾಯಲು ನೂರಾರು ವರ್ಷಗಳಿಲ್ಲ.

ಜರ್ಮನಿಯ ಎರ್ಲಾಂಗೆನ್ ವಿಶ್ವವಿದ್ಯಾಲಯದವರು ಬೇಲಿಯ ಒಂದು ಗೂಟವನ್ನು ಕಂಡರು. ಸೆಖೆಯಲ್ಲಿಟ್ಟ ಗಿಡಗಳಲ್ಲಿ ಎಸ್‌ಪಿ6ಎ ಕಡಿಮೆಯಾಗುವುದು ಗೊತ್ತಿತ್ತು. ಹೇಗೆ ಎಂಬುದೇ ಪ್ರಶ್ನೆ. 2019ರಲ್ಲಿ ಅವರು ತೋರಿಸಿದ್ದು ಇಪ್ಪತ್ತರ ಆಸುಪಾಸಿನ ಅಕ್ಷರಗಳಷ್ಟೇ ಉದ್ದದ ಒಂದು ಪುಟ್ಟ ಆರ್‌ಎನ್‌ಎ ತುಣುಕನ್ನು. ಸೆಖೆಯಾದಾಗ ಈ ತುಣುಕು ಹೆಚ್ಚುತ್ತದೆ, ಎಸ್‌ಪಿ6ಎಯ ಬರಹಕ್ಕೆ ಅಂಟಿಕೊಂಡು ಅದನ್ನು ಹಾಳುಮಾಡುತ್ತದೆ. ಎಲೆ ಕಾಗದ ಬರೆಯುತ್ತದೆ, ಅಂಚೆಗೆ ಬೀಳುವ ಮೊದಲೇ ಯಾರೋ ಹರಿದುಹಾಕುತ್ತಾರೆ. ಆ ತುಣುಕನ್ನು ಬೇರೆಡೆಗೆ ಸೆಳೆದು ಸುಮ್ಮನಾಗಿಸುವ ಹುಸಿ ಗುರಿಯೊಂದನ್ನು ಗಿಡದೊಳಗೆ ಸೇರಿಸಿದರು. ಆ ಗಿಡಗಳು ಸೆಖೆಯ ಕೋಣೆಯಲ್ಲೂ ಗಡ್ಡೆ ಕಟ್ಟಿದವು.

ಅದನ್ನು ಓದಿದ ದಿನ ನನಗಾದ ಸಂತೋಷ ದೊಡ್ಡದು. ಆದರೂ ಅವು ಪ್ರಯೋಗಶಾಲೆಯ ಗಿಡಗಳು. ಗಡ್ಡೆ ಕಟ್ಟೆಂಬ ಕಾಗದ ತೀರ ಬೇಗ, ತೀರ ಜೋರಾಗಿ ಬಂದರೆ ಗಿಡ ಎಲೆ ಬಿಡುವುದನ್ನೇ ಮೊಟಕುಮಾಡುತ್ತದೆ. ಎಲೆಯಿಲ್ಲದೆ ಸಕ್ಕರೆಯಿಲ್ಲ, ಸಕ್ಕರೆಯಿಲ್ಲದೆ ಗಡ್ಡೆ ಗೋಲಿಯಷ್ಟಕ್ಕೇ ನಿಲ್ಲುತ್ತದೆ. ಸೆಖೆಯ ಕೈಯಿಂದ ಉಳಿಸಿಕೊಳ್ಳಬೇಕಾದ್ದು ಕಾಗದ ಒಂದನ್ನೇ ಅಲ್ಲ. ಬಿಸಿ ರಾತ್ರಿಯಲ್ಲಿ ಗಿಡ ಹೆಚ್ಚು ಉಸಿರಾಡುತ್ತದೆ. ಹಗಲಿಡೀ ದುಡಿದ ಸಕ್ಕರೆಯನ್ನು ಇರುಳಲ್ಲಿ ಸುಟ್ಟುಕೊಳ್ಳುತ್ತದೆ. ಎಲೆ ತಂಪಾಗಿದ್ದು ಮಣ್ಣು ಮಾತ್ರ ಕಾದರೂ ಸ್ಟೋಲನ್ನಿನ ತುದಿ ಉಬ್ಬುವುದಿಲ್ಲ. ಕಟ್ಟಿದ ಗಡ್ಡೆಗೂ ಕ್ಷೇಮವಿಲ್ಲ: ಒಳಗೆ ಕಂದು ಕಲೆ ಬೀಳುತ್ತದೆ, ನಿದ್ದೆ ಕೆಟ್ಟು ಮಣ್ಣಿನೊಳಗೇ ಮೊಳಕೆಯೊಡೆಯುತ್ತದೆ, ಸರ ಪೋಣಿಸಿದಂತೆ ಒಂದರ ಬಾಲಕ್ಕೆ ಇನ್ನೊಂದು ಸಣ್ಣ ಗಡ್ಡೆ ಹುಟ್ಟುತ್ತದೆ. ಮಂಡಿಯಲ್ಲಿ ಅಂಥ ಮಾಲನ್ನು ಕಾಲಲ್ಲಿ ಸರಿಸುತ್ತಾರೆ. ಇಷ್ಟೆಲ್ಲ ಕಡೆ ಸೋರುವ ಮಡಕೆಗೆ ಒಂದೇ ತೂತು ಮುಚ್ಚಿದರೆ ನೀರು ನಿಲ್ಲುವುದಿಲ್ಲ. 'ತಾಪ ತಾಳುವ ಜೀನ್' ಎಂದು ಏಕವಚನದಲ್ಲಿ ಹೇಳುವವರನ್ನು ಕಂಡಾಗ ನನಗೆ ತುಸು ಕಸಿವಿಸಿಯಾಗುವುದು ಅದಕ್ಕೇ.

ಹುಡುಕುವ ಜಾಗವೂ ಸಲೀಸಾದುದಲ್ಲ. ಆಲೂಗಡ್ಡೆಯ ವಂಶವಾಹಿಗಳ ಪೂರ್ಣ ಬರಹ 2011ರಲ್ಲಿ ಹೊರಬಂತು: 12 ವರ್ಣತಂತುಗಳಲ್ಲಿ ಹರಡಿದ ಸುಮಾರು 39,000 ಜೀನುಗಳು. ಆ ಓದಿಗೆ ಬಳಸಿದ್ದು ಪ್ರಯೋಗಶಾಲೆಯಲ್ಲಿ ಸರಳಗೊಳಿಸಿದ ಒಂದು ಗಿಡವನ್ನು. ಹೊಲದ ಆಲೂಗಡ್ಡೆಯಲ್ಲಿ ಆ ಹನ್ನೆರಡೂ ನಾಲ್ಕು ನಾಲ್ಕು ಪ್ರತಿಯಾಗಿ, ಒಟ್ಟು 48 ಇವೆ. ನಾಲ್ಕು ಪ್ರತಿಗಳೂ ಒಂದೇ ತೆರನಲ್ಲ. ಒಂದೇ ಪುರಾಣದ ನಾಲ್ಕು ಓಲೆಗರಿ ಕಟ್ಟುಗಳು, ನಾಲ್ಕರಲ್ಲೂ ಪಾಠಾಂತರ. ಯಾವ ಪ್ರತಿಯ ಯಾವ ಸಾಲಿನಿಂದ ಗಿಡ ಸೆಖೆ ತಾಳಿತು ಎಂದು ಹೇಳುವುದು ಹಳೆಯ ಓಲೆಗರಿ ಪರಿಷ್ಕರಿಸುವ ಪಂಡಿತರಿಗೂ ಬೆವರು ತರಿಸುವ ಕೆಲಸ.

ಅದಕ್ಕಾಗಿಯೇ ಸ್ಕಾಟ್ಲೆಂಡಿನ ಡಂಡೀ ಹತ್ತಿರದ ಜೇಮ್ಸ್ ಹಟನ್ ಸಂಸ್ಥೆಯವರು ಎರಡೇ ಪ್ರತಿಯಿರುವ ಆಲೂಗಡ್ಡೆ ಸಂತಾನವನ್ನು ಹಿಡಿದರು. ಅವರ ಪರೀಕ್ಷೆ ಎಷ್ಟು ಸರಳವೆಂದರೆ ನಮ್ಮ ಹಿತ್ತಲಲ್ಲೂ ಮಾಡಬಹುದೆನಿಸುತ್ತದೆ. ಒಂದು ಎಲೆ, ಅದರ ಕಂಕುಳಲ್ಲಿ ಒಂದು ಮೊಗ್ಗು, ಇಷ್ಟನ್ನೇ ಕತ್ತರಿಸಿ ಮೊಗ್ಗನ್ನು ಗೊಬ್ಬರದಲ್ಲಿ ಹೂಳುವುದು. ಎಲೆಯಿಂದ ಕಾಗದ ಇಳಿಯುತ್ತಿದ್ದರೆ ಆ ಮೊಗ್ಗೇ ಪುಟ್ಟ ಗಡ್ಡೆಯಾಗುತ್ತದೆ. ಸಾಲು ಸಾಲು ಎಲೆಗಳನ್ನು ಹದವಾದ ಕಾವಿನಲ್ಲೊಮ್ಮೆ, ಏರಿದ ಕಾವಿನಲ್ಲೊಮ್ಮೆ ಇಟ್ಟು, ಮೊಗ್ಗು ಯಾವುದು ಗಡ್ಡೆಯಾಯಿತು ಯಾವುದು ಆಗಲಿಲ್ಲ ಎಂದು ಎಣಿಸುತ್ತ, ಗಡ್ಡೆಯಾದವುಗಳೆಲ್ಲ ಹಂಚಿಕೊಂಡಿರುವ ತುಂಡು ಯಾವುದೆಂದು ವರ್ಣತಂತುಗಳ ಮೇಲೆ ಬೆರಳಾಡಿಸುತ್ತ ಹೋದರು. 2018ರಲ್ಲಿ ಬೆರಳು ನಿಂತದ್ದು ನಾಲ್ಕನೆಯ ವರ್ಣತಂತುವಿನ ಮೇಲೆ, ಎಚ್‌ಎಸ್‌ಸಿ70 ಎಂಬ ಜೀನಿನ ಒಂದು ರೂಪದಲ್ಲಿ. ಜೀವಕೋಶದೊಳಗಿನ ಪ್ರೊಟೀನುಗಳಿಗೆಲ್ಲ ಒಂದೊಂದು ಮಡಿಕೆಯಿದೆ. ಮದುವೆಮನೆಯಲ್ಲಿ ಸುತ್ತಿದ ಪೇಟದ ಹಾಗೆ. ಸೆಖೆಗೆ ಸುತ್ತು ಸಡಿಲಾಗಿ ಬಿಚ್ಚಿಕೊಳ್ಳುತ್ತದೆ. ಎಚ್‌ಎಸ್‌ಸಿ70 ಬಿಚ್ಚಿದ್ದನ್ನು ಮತ್ತೆ ಸುತ್ತಿಕೊಡುವ ಕೈ. ಅದು ಎಲ್ಲ ಗಿಡಗಳಲ್ಲೂ ಇದೆ. ಆದರೆ ಈ ಒಂದು ರೂಪವಿದ್ದ ಗಿಡಗಳಲ್ಲಿ ಕಾವೇರಿದಾಗ ಆ ಕೈಗಳು ಹೆಚ್ಚು ಹುಟ್ಟುತ್ತಿದ್ದವು. ಹೊರಗಿನಿಂದ ತಂದು ಸೇರಿಸಿದ್ದಲ್ಲ, ಆಲೂಗಡ್ಡೆಯ ಮನೆಯಲ್ಲೇ ಇದ್ದ ಒಡವೆ. ತಳಿ ಬೆಳೆಸುವವರು ಸಸಿಯ ಎಲೆ ಚೂರನ್ನು ಪರೀಕ್ಷಿಸಿ ಆ ರೂಪ ಇದೆಯೋ ಇಲ್ಲವೋ ನೋಡಿಕೊಂಡು ಆರಿಸಬಹುದು. ಎರ್ಲಾಂಗೆನ್ನಿನ ಹುಸಿ ಗುರಿ, ಡಂಡೀಯ ಆಯ್ಕೆ, ಇವೆರಡರಲ್ಲಿ ನನ್ನ ಒಲವು ಡಂಡೀಯ ದಾರಿಯ ಕಡೆಗೆ. ಅದು ರೈತನ ಹೊಲಕ್ಕೆ ಬರಲು ಅಡೆತಡೆ ಕಡಿಮೆ.

ನಮ್ಮ ದೇಶದಲ್ಲಿ ಈ ಕೆಲಸದ ಮನೆ ಶಿಮ್ಲಾ. ಕೇಂದ್ರ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1949ರಲ್ಲಿ ಪಟ್ನಾದಲ್ಲಿ ಹುಟ್ಟಿ, 1956ರಲ್ಲಿ ಶಿಮ್ಲಾಕ್ಕೆ ಹೋಯಿತು. ಬೆಟ್ಟ ಹತ್ತಲು ಕಾರಣವಿತ್ತು. ಬಯಲುಸೀಮೆಯ ಚಳಿಗಾಲದ ಗಿಡ್ಡ ಹಗಲಿನಲ್ಲಿ ಆಲೂಗಡ್ಡೆ ಸರಿಯಾಗಿ ಹೂಬಿಡುವುದಿಲ್ಲ. ಹೂವಿಲ್ಲದೆ ತಳಿಗೆ ತಳಿ ಬೆರೆಸುವುದು ಹೇಗೆ? ಶಿಮ್ಲಾಕ್ಕೂ ಮೇಲೆ, 2,500 ಮೀಟರಿಗೂ ಎತ್ತರದಲ್ಲಿ ಕುಫ್ರಿ ಎಂಬ ಊರಿದೆ. ದೇವದಾರು ಮರಗಳ ನಡುವೆ ಮೆಟ್ಟಿಲು ಮೆಟ್ಟಿಲಾದ ಗದ್ದೆಗಳು, ಬೇಸಿಗೆಯ ಉದ್ದ ಹಗಲು, ತಂಪು ಗಾಳಿ. ಅಲ್ಲಿ ಆಲೂಗಡ್ಡೆ ಬಿಳಿ, ತಿಳಿನೇರಳೆ ಹೂ ಬಿಡುತ್ತದೆ. ನಡುವೆ ಹಳದಿ ಪರಾಗಕೋಶಗಳು ಸಣ್ಣ ಗೋಪುರದಂತೆ ಕೂಡಿ ನಿಂತಿರುತ್ತವೆ. ಅರಳುವ ಮುಂಚಿನ ಮೊಗ್ಗನ್ನು ಚಿಮಟದಲ್ಲಿ ಬಿಡಿಸಿ, ಆ ಗೋಪುರ ಕಿತ್ತು, ಇನ್ನೊಂದು ತಳಿಯ ಪರಾಗವನ್ನು ಶಲಾಕೆಯ ತುದಿಗೆ ಮುಟ್ಟಿಸಬೇಕು. ಹಿಡಿದರೆ ಹಸಿ ಟೊಮೆಟೊದಂಥ ಕಾಯಿ, ತಿನ್ನುವಂತಿಲ್ಲ, ವಿಷ. ಒಳಗೆ ನೂರಕ್ಕೂ ಮೇಲೆ ಬೀಜ, ಒಂದೊಂದೂ ಒಂದೊಂದು ತೆರ. ಇಷ್ಟು ಬೀಜದ ಸಸಿಗಳಲ್ಲಿ ವರ್ಷ ವರ್ಷ ತೆಗೆದು ಹಾಕುತ್ತ, ಹತ್ತಾರು ವರ್ಷದ ಕೊನೆಗೆ ಒಂದು ಉಳಿದರೆ ಅದು ತಳಿ. ನಮ್ಮ ಹಾಸನದ ಹೊಲಗಳನ್ನು ದಶಕಗಟ್ಟಲೆ ಆಳಿದ, ಪ್ರತಿ ಮೇ ತಿಂಗಳು ಜಲಂಧರದ ಲಾರಿಗಳಲ್ಲಿ ಚೀಲ ಚೀಲವಾಗಿ ಇಳಿಯುವ 'ಜ್ಯೋತಿ' 1968ರ ಕುಫ್ರಿ ಜ್ಯೋತಿ. ಆ ಬೆಟ್ಟದ ಊರಿನ ಹೆಸರು ನಮ್ಮ ಮಂಡಿಯ ಚೀಟಿಯ ಮೇಲೆ ಬಂದು ಕೂತಿರುವುದು ಹೀಗೆ.

2006ರಲ್ಲಿ ಅದೇ ಮನೆಯಿಂದ ಕುಫ್ರಿ ಸೂರ್ಯ ಹೊರಬಂತು. ತಾಯಿ ಕುಫ್ರಿ ಲವಕರ್. ಮರಾಠಿಯಲ್ಲಿ ಲವಕರ್ ಎಂದರೆ 'ಬೇಗ'. ದಖನ್ ಪ್ರಸ್ಥಭೂಮಿಗೆಂದೇ ಬೆಳೆಸಿದ, ಬೇಗ ಬಲಿಯುವ ತಳಿ. ತಂದೆ ಎಲ್‌ಟಿ-1, ಪೆರುವಿನ ಲಿಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದಿಂದ ಬಂದದ್ದು. ದಖನ್ನಿನ ಬಯಲಿಗೂ ಆಂಡಿಸ್‌ಗೂ ನಂಟು ಬೆಳೆದು ಹುಟ್ಟಿದ ಈ ಉದ್ದನೆ ಗಡ್ಡೆಯ ತಳಿ, ರಾತ್ರಿ 20ರ ಆಸುಪಾಸಿನಲ್ಲಿದ್ದಾಗಲೂ ಗಡ್ಡೆ ಕಟ್ಟುತ್ತದೆ. ಉತ್ತರದ ಬಯಲಿನಲ್ಲಿ ಮಾಮೂಲಿಗಿಂತ ಮೊದಲೇ ನಾಟಿ ಮಾಡುವವರಿಗೆ ಅದರಿಂದ ಬಲ ಬಂತು. ಯಾವ ಜೀನು ಅದಕ್ಕೆ ಈ ಶಕ್ತಿ ಕೊಟ್ಟಿತೆಂದು ಆರಿಸುವಾಗ ಯಾರೂ ನೋಡಿರಲಿಲ್ಲ, ನೋಡುವ ಸಲಕರಣೆಯೂ ಇರಲಿಲ್ಲ. ಗಡ್ಡೆ ಬಂತೋ ಇಲ್ಲವೋ ಎಂದು ಮಣ್ಣು ಬಿಡಿಸಿ ನೋಡಿದರು. ಆಮೇಲೆ ವಿಜ್ಞಾನಿಗಳು ಹಿಂದಕ್ಕೆ ನಡೆದರು: ಸೂರ್ಯ ಒಂದು ಕಡೆ, ಸೆಖೆ ತಾಳದ ಕುಫ್ರಿ ಚಂದ್ರಮುಖಿ ಇನ್ನೊಂದು ಕಡೆ; ಎರಡನ್ನೂ ಬಿಸಿ ರಾತ್ರಿಯಲ್ಲಿ ನಿಲ್ಲಿಸಿ, ಯಾವ ಜೀನುಗಳು ಒಂದರಲ್ಲಿ ಎದ್ದು ಇನ್ನೊಂದರಲ್ಲಿ ಮಲಗಿವೆ ಎಂದು ಸಾವಿರಾರು ಜೀನುಗಳ ಪಟ್ಟಿ ಹಿಡಿದು ತಾಳೆ ನೋಡಿದರು. ಹೆಸರಿಟ್ಟವರಿಗೆ ಹೀಗಾದೀತೆಂದು ಗೊತ್ತಿತ್ತೋ ಇಲ್ಲವೋ, ಸೂರ್ಯ ತಾಳಿದ, ಚಂದ್ರಮುಖಿ ಬಾಡಿದಳು. ಎದ್ದ ಜೀನುಗಳು ಒಂದೆರಡಲ್ಲ, ದೊಡ್ಡದೊಂದು ಗುಂಪೇ. ಅವುಗಳಲ್ಲಿ ದುಡಿಯುವವರು ಯಾರು, ಸುಮ್ಮನೆ ಜೊತೆಗೆ ಎದ್ದವರು ಯಾರು ಎಂದು ಬೇರ್ಪಡಿಸುವುದು ಒಬ್ಬೊಬ್ಬರನ್ನೇ ಕರೆದು ವಿಚಾರಿಸುವಂಥ ನಿಧಾನದ ಕೆಲಸ.

ಇದನ್ನೆಲ್ಲ ಆ ರಾತ್ರಿ ಬದುವಿನ ಮೇಲೆ ಕೂತು ನನಗೆ ತಿಳಿದಂತೆ ದೊಡ್ಡಪ್ಪನಿಗೆ ಹೇಳಿದೆ. ಅವರು ಬೀಡಿ ಹಚ್ಚದೆ ಕೈಯಲ್ಲೇ ಹಿಡಿದು ಕೇಳಿದರು. ಕಾಗದ ಹರಿಯುವ ಮಾತು ಬಂದಾಗ ಮಾತ್ರ ತಲೆಯೆತ್ತಿ, "ಅಂಗಾದ್ರೆ ಗಿಡುದ್ ತಪ್ಪಲ್ಲ" ಎಂದರು. ಬೆಳಗಿನ ಜಾವ ಐದಕ್ಕೆ ಮತ್ತೆ ಹೋಗಿ ನೋಡಿದೆ. 21. ಇಡೀ ಇರುಳಿನಲ್ಲಿ ಅದಕ್ಕಿಂತ ಕೆಳಗೆ ಇಳಿದಿರಲಿಲ್ಲ.

ನಾನು ಊರು ಬಿಟ್ಟ ಮೂರನೆಯ ದಿನ ಮಳೆ ಹಿಡಿಯಿತಂತೆ. ಹನ್ನೆರಡು ದಿನ ಕಳೆದು ಮತ್ತೆ ಹೋದಾಗ ಬಯಲೆಲ್ಲ ಮಂಜುಮಂಜು. ಸಾಲುಗಳಲ್ಲಿ ನೀರು, ಗೂಟದ ಥರ್ಮಾಮೀಟರಿನ ಗಾಜಿನ ಮೇಲೆ ಹನಿ. ಒರೆಸಿ ನೋಡಿದರೆ 19. ದೊಡ್ಡಪ್ಪ ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಅದೇ ಸಾಲಿನಲ್ಲಿ ಕೂತರು. ಮಣ್ಣು ಈಗ ತಣ್ಣಗಿತ್ತು, ಬೆರಳಿಗೆ ಅಂಟುತ್ತಿತ್ತು. ಬಿಳಿ ಎಳೆಯೊಂದು ಹೊರಬಂತು. ಅದರ ತುದಿ ಕೊಕ್ಕೆಯಾಗಿ ಬಾಗಿತ್ತು. ಬಾಗಿದ ಬೆನ್ನಿನಲ್ಲಿ ಹುರುಳಿ ಕಾಳಿನಷ್ಟು ಉಬ್ಬು, ಬೆಳ್ಳಗೆ, ಮುಟ್ಟಿದರೆ ನೋಯುವುದೇನೋ ಎಂಬಷ್ಟು ಎಳಸು.

ಅವರು ಅದನ್ನು ಮುಟ್ಟಲಿಲ್ಲ. ಮಣ್ಣನ್ನು ಹಾಗೇ ಮೆಲ್ಲಗೆ ಎಳೆದು ಮುಚ್ಚಿ, ಅಂಗೈಯಿಂದ ಒಮ್ಮೆ ಒತ್ತಿದರು. ಆಮೇಲೆ ಅದೇ ಮಣ್ಣು ಮೆತ್ತಿದ ಕೈಯಲ್ಲಿ ಗಿಡದ ಎಲೆಗಳನ್ನು ಒಂದೊಂದಾಗಿ ಮಗುಚಿ ಅಡಿಭಾಗ ನೋಡತೊಡಗಿದರು. ರಾತ್ರಿಯನ್ನು ತಣಿಸಿದ ಮಳೆಯ ಹಿಂದೆಯೇ ಅಂಗಮಾರಿ ಬರುತ್ತದೆ. ಎಲೆಯ ಅಂಚು ಕಪ್ಪಾಗಿ, ಅಡಿಯಲ್ಲಿ ಬಿಳಿ ಬೂಷ್ಟು ಹಿಡಿದರೆ ಇಡೀ ಹೊಲಕ್ಕೆ ವಾರ ಸಾಕು. ಸೆಖೆಯಲ್ಲಿ ಕಳೆದುಹೋದ ದಿನಗಳು ಕೈಯಲ್ಲಿದ್ದಿದ್ದರೆ ಅಷ್ಟರೊಳಗೆ ಗಡ್ಡೆ ನಿಂಬೆಹಣ್ಣಿನಷ್ಟಾದರೂ ಆಗಿರುತ್ತಿತ್ತು. ನಾನೂ ಪಕ್ಕದ ಸಾಲಿಗೆ ಇಳಿದು ಎಲೆ ಮಗುಚುತ್ತ ಹೋದೆ.